ಗಾಜಿನ ಗೆರೆ, ಮಾವನ ಬೆರಳು

ಯಾದಗಿರಿಯಲ್ಲಿ ಹಳೆಯ ಕಾರೊಂದನ್ನು ಕೊಂಡು ಶಹಾಪುರದ ಮನೆಗೆ ತಂದ ದಿನ ನನ್ನ ಮಾವ ಅದರ ಸುತ್ತ ಎರಡು ಸಲ ತಿರುಗಿದರು. ಮಾವ ಅಂದರೆ ನನ್ನ ಗಂಡನ ತಂದೆ, ಬಸ್ ಡ್ರೈವರ್ ಆಗಿ ನಿವೃತ್ತರಾದವರು. ಟೈರು ಒದ್ದು ನೋಡಿದರು, ಬಾನೆಟ್ಟಿಗೆ ಕಿವಿಗೊಟ್ಟರು, ಕೊನೆಗೆ ಕಾರಿನ ನೆತ್ತಿಯ ಮೇಲೆ ಕೈಯಾಡಿಸಿದರು.

“ರೇಡಿಯೊದ ಕಡ್ಡಿ ಎಲ್ಲಿ?”

“ಇದಕ್ಕ ಕಡ್ಡಿ ಇರಂಗಿಲ್ರಿ ಮಾವಾರ. ಹಿಂದಿನ ಗ್ಲಾಸಿನಾಗೇ ಅದ.”

“ಗ್ಲಾಸಿನಾಗ!” ಎಂದು ನಕ್ಕರು. “ಕೋಡಿಲ್ಲದ ಎತ್ತು ತಂದೀರಿ. ಮಾರಿದಂವ ಕಡ್ಡಿ ಮುರಕೊಂಡು ನಿಮಗ ಕಥಿ ಹೇಳ್ಯಾನ.”

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಇಂಥ ಮಾತು ಕೇಳಿಸಿಕೊಂಡು ಸುಮ್ಮನಿರುವುದು ನನ್ನ ಹಣೆಯಲ್ಲಿ ಬರೆದಿಲ್ಲ. ರೇಡಿಯೊ ಹಚ್ಚಿ, ಮಾವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಗಾಜಿನ ಒಳಮೈಯ ಮೇಲಿದ್ದ ಅಡ್ಡಗೆರೆಗಳನ್ನು ತೋರಿಸಿದೆ. ಬೆಳ್ಳಿ ಬೆರೆತ ಬಣ್ಣದಿಂದ ಗೆರೆ ಎಳೆದು, ಗಾಜಿನೊಂದಿಗೇ ಸುಟ್ಟು ಕೂಡಿಸಿರುತ್ತಾರೆ. ಕೆಳಗಿನ ಸಾಲು ಬಿಸಿಯಾಗಿ ಮಂಜು ಬಿಡಿಸುತ್ತದೆ, ಮೇಲಿನ ಗೆರೆ ರೇಡಿಯೊದ್ದು. ರೇಡಿಯೊ ಅಲೆಗೆ ಕಾರಿನ ತಗಡನ್ನು ತೂರಿ ಬರಲು ಆಗುವುದಿಲ್ಲ, ಗಾಜನ್ನು ತೂರಿ ಬರುತ್ತದೆ. ಬಂದದ್ದು ಗೆರೆಯಲ್ಲಿ ತೀರಾ ಸಣ್ಣ ಕರೆಂಟು ಹುಟ್ಟಿಸುತ್ತದೆ. ಪಕ್ಕದಲ್ಲಿ ಅಡಗಿರುವ ಬೆಂಕಿಪೊಟ್ಟಣದಷ್ಟು ಡಬ್ಬಿ ಆ ಕರೆಂಟಿಗೆ ಬಲ ತುಂಬಿ, ವಾಯರಿನಲ್ಲಿ ಮುಂದಿರುವ ರೇಡಿಯೊಗೆ ಕಳಿಸುತ್ತದೆ.

ಪಾಠ ಮುಗಿಯುವುದರೊಳಗೆ ಮಾವ ಇಳಿದು ಹೋಗಿ ಕಂಬಳಿ ತಂದರು. ಗಾಜಿನ ಮೇಲೆ ಹೊದಿಸಿದರು. ಒಳಗೆ ಹಾಡು ಮೊದಲಿನಂತೆಯೇ ನಡೆದಿತ್ತು.

“ನೋಡಿದೇನು? ಬರೋ ದಾರಿ ಮುಚ್ಚೀನಿ, ಹಾಡು ನಿಂದ್ರಲಿಲ್ಲ!”

ನಾನು ಹಿತ್ತಲಿಗೆ ಹೋಗಿ ನೀರಿನ ತೊಟ್ಟಿ ಮುಚ್ಚುವ ತಗಡು ತಂದು ಕಂಬಳಿಯ ಮೇಲೆ ಒರಗಿಸಿದೆ. ರೇಡಿಯೊ ಗರಗರ ಎಂದಿತು. ತಗಡು ತೆಗೆದೆ, ಹಾಡು ಬಂತು. ಮತ್ತೆ ಇಟ್ಟೆ, ಗರಗರ.

“ಉಣ್ಣಿ ಕಂಬಳಿ ರೇಡಿಯೊ ಅಲಿ ತಡಿಯಂಗಿಲ್ರಿ, ತಗಡು ತಡೀತದ.”

ಮಾವ ಕಂಬಳಿ ಝಾಡಿಸಿ ಹೆಗಲಿಗೆ ಹಾಕಿಕೊಂಡು ಒಳಗೆ ಹೋದರು. ಅಂದು ಚಹಾ ಕೂಡ ಕುಡಿಯಲಿಲ್ಲ.

ಇಷ್ಟೆಲ್ಲ ಮೆರೆದ ನಾನೇ ಒಂದು ಭಾನುವಾರ ಆ ಗೆರೆಯನ್ನು ಕತ್ತರಿಸಿದೆ. ಹಳೆಯ ಮಾಲೀಕ ಗಾಜಿನ ಒಳಗಡೆ ಅಂಟಿಸಿದ್ದ ಕಪ್ಪು ಫಿಲ್ಮು ಬಿಸಿಲಿಗೆ ಗುಳ್ಳೆ ಎದ್ದಿತ್ತು. ಬಿಸಿನೀರು, ಸಾಬೂನು, ಗಂಡನ ಗಡ್ಡದ ಬ್ಲೇಡು ಹಿಡಿದು ಕುಳಿತೆ. ಮುಕ್ಕಾಲು ಭಾಗ ಚೆನ್ನಾಗಿಯೇ ಕಿತ್ತು ಬಂತು. ಮೇಲಿನ ಮೂಲೆಯಲ್ಲಿ ಅಂಟು ಗಟ್ಟಿಯಾಗಿತ್ತು, ಸ್ವಲ್ಪ ಒತ್ತಿದೆ. ರೇಡಿಯೊ ಹಾಕಿ ನೋಡಿದರೆ ಬರೀ ಗರಗರ. ಸುತ್ತ ಕಣ್ಣು ಹಾಯಿಸಿದೆ. ಗಂಡ ಮನೆಯಲ್ಲಿರಲಿಲ್ಲ. ಮಾವ ಕಟ್ಟೆಯ ಮೇಲೆ ಮುಖಕ್ಕೆ ಟವೆಲ್ ಹಾಕಿಕೊಂಡು ಮಲಗಿದ್ದರು. ಬ್ಲೇಡು ತೊಳೆದು ಇದ್ದ ಜಾಗದಲ್ಲಿಟ್ಟೆ.

ಮರುದಿನ ಮಾವ ರೇಡಿಯೊ ಹಚ್ಚಲು ಹೇಳಿದರು. ಗರಗರ ಕೇಳಿ ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು.

“ಏನವ್ವಾ, ಗ್ಲಾಸಿಗೆ ನೆಗಡಿ ಆಗ್ಯಾದೇನು?”

ನಾನು ಹಿಂದೆ ಕೂತು ಆ ಮೂಲೆಯನ್ನು ನೋಡುವ ನೆಪದಲ್ಲಿ ಮುಟ್ಟಿದೆ. ಬ್ಲೇಡಿನ ಗೀರು ದಾಟಿ ಬೆರಳು ಇಟ್ಟದ್ದೇ ತಡ, ಹಾಡು ತಿಳಿಯಾಗಿ ಬಂತು. ತುಂಡಾದ ಗೆರೆಗೆ ನನ್ನ ಮೈಯೇ ಜೋಡಣೆಯಾಗಿ ಅಲೆ ಹಿಡಿಯುತ್ತಿತ್ತು. ನಿಜ ಹೇಳಲು ಅದೇ ಸರಿಯಾದ ಹೊತ್ತು. ಆದರೆ ಬಾಯಿಂದ ಬಂದದ್ದು ಬೇರೆ.

“ಮಾವಾರ, ನೀವೊಮ್ಮೆ ಬೆರಳು ಇಟ್ಟು ನೋಡ್ರಿ. ನಿಮ್ಮ ಕೈಗುಣ ಬ್ಯಾರೆ.”

ಇಟ್ಟರು. ರೇಡಿಯೊ ಹಾಡಿತು. ತೆಗೆದರು. ಗರಗರ. ಇಟ್ಟರು. ಹಾಡಿತು.

“ಬಸ್ ಹೊಡದ ಕೈ ಇದು,” ಎಂದರು ಗಂಭೀರವಾಗಿ. “ಕರೆಂಟು ಕುಂತದ ಇದರಾಗ.”

ಅಂದಿನಿಂದ ನಾನು ಎಲ್ಲಿಗೆ ಹೊರಟರೂ ಮಾವ ಹಿಂದಿನ ಸೀಟಿನಲ್ಲಿ ತಯಾರು. ಹುಣಸಗಿಯ ಮದುವೆಗೆ, ಕೊಂಕಲಿನಲ್ಲಿ ಕೂಸಿನ ತೊಟ್ಟಿಲ ಶಾಸ್ತ್ರಕ್ಕೆ, ಸುಮ್ಮನೆ ಯಾದಗಿರಿಗೆ. ಮೈ ತಿರುಚಿ, ಒಂದು ಕೈ ಹಿಂದಕ್ಕೆ ಎತ್ತಿ, ತುಂಬಿದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರ ಹಾಗೆ ಗಾಜು ಹಿಡಿದು ಕೂತಿರುತ್ತಿದ್ದರು. ಕೈ ನೋಯುತ್ತದೆಂದು ಇಳಿಸಿದಾಗ ಸುದ್ದಿ ಅರ್ಧಕ್ಕೆ ನಿಲ್ಲುತ್ತಿತ್ತು. ನಾನು ಕನ್ನಡಿಯಲ್ಲಿ ನೋಡಿ ಒಳಗೊಳಗೇ ನಗುತ್ತಿದ್ದೆ. ಪಾಪವೂ ಅನಿಸುತ್ತಿತ್ತು. ಆದರೆ ನಗು ಮೊದಲು ಬರುತ್ತಿತ್ತು.

ಸುರಪುರದಲ್ಲಿ ನನ್ನ ತಂದೆಯ ಬಟ್ಟೆ ಅಂಗಡಿ ಇದೆ. ಅಲ್ಲಿಗೆ ಹೋದ ದಿನ ಮಾವ ಕಾರಿನಿಂದ ಇಳಿಯಲೇ ಇಲ್ಲ. ಕೂತಲ್ಲಿಂದಲೇ ನನ್ನ ತಂದೆಯನ್ನು ಕರೆದರು.

“ಬರ್ರಿ ಬೀಗರ, ಒಂದು ತಮಾಷಿ ತೋರಸ್ತೀನಿ.”

ತಮಾಷೆ ಆಯಿತು. ನನ್ನ ತಂದೆ ಕನ್ನಡಕ ಏರಿಸಿ ನೋಡಿದರು. ಆಮೇಲೆ, “ಸರೀರಿ, ನಾನೂ ಇಟ್ಟು ನೋಡ್ತೀನಿ,” ಎಂದು ಬೆರಳು ಒತ್ತಿದರು. ರೇಡಿಯೊ ಮೊದಲಿಗಿಂತ ಸ್ಪಷ್ಟವಾಗಿ ಕೂಗಿತು.

ಮಾವನ ಮುಖ ಇಳಿಯಿತು. “ನೀವು ಬಸ್ ಹೊಡದಿಲ್ಲ. ಅರಿವಿ ಹರಿಯೋರ ಕೈಯಾಗ ಹೆಂಗ ಬಂತು?”

“ಕೈಯಾಗ ಏನಿಲ್ರಿ ಬೀಗರ. ಗ್ಲಾಸಿನಾಗೇ ಏನೋ ಕೆಟ್ಟದ,” ಎಂದ ನನ್ನ ತಂದೆ, ಎದುರು ಸಾಲಿನಲ್ಲಿ ಗಾಡಿಗಳ ವಾಯರಿಂಗ್ ಮಾಡುವ ಮಿಸ್ತ್ರಿಯನ್ನು ಕರೆಸಿಬಿಟ್ಟರು.

ಮಿಸ್ತ್ರಿ ಮೀಟರಿನ ಎರಡು ಕಡ್ಡಿಗಳನ್ನು ಗೆರೆಯ ಮೇಲೆ ಇಂಚಿಂಚೇ ಸರಿಸುತ್ತ ಬಂದ. ಮೂಲೆಗೆ ಬಂದಾಗ ಮೀಟರಿನ ಬೀಪ್ ನಿಂತಿತು.

“ಇಲ್ಲಿ ಕಡದದ ನೋಡ್ರಿ. ಯಾರೋ ಬ್ಲೇಡ್ ಆಡಿಸ್ಯಾರ. ಗೆರಿ ಇಷ್ಟುದ್ದ ಇದ್ರೂ ಡಬ್ಬಿಗೆ ಹತ್ತಿದ್ದು ಇಷ್ಟೇ ತುಂಡು. ಅದಕ್ಕ ಯಾರು ಮುಟ್ಟಿದ್ರೂ ಬರ್ತದ.”

ನಾನು ಅಂಗಡಿಯ ಬಾಗಿಲಿಗೆ ನೇತುಹಾಕಿದ್ದ ಇಳಕಲ್ ಸೀರೆಯ ಸೆರಗನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

“ಇಲಿ ಕಡದಿರಬೇಕು,” ಎಂದರು ಮಾವ.

“ಇಲಿ ಬ್ಲೇಡ್ ಹಿಡೀತದೇನ್ರಿ?” ಮಿಸ್ತ್ರಿ ನಕ್ಕ.

“ನಮ್ಮ ಮನಿ ಇಲಿ ಹಿಡೀತದ. ಹೈಸ್ಕೂಲಿನಾಗ ಪಾಠಾನೂ ಮಾಡ್ತದ.”

ನನ್ನ ಕಿವಿ ಬಿಸಿಯಾಯಿತು. “ನಿಮಗ ಗೊತ್ತಿತ್ತೇನ್ರಿ?”

“ಟವೆಲ್ ಮಾರಿ ಮ್ಯಾಲಿತ್ತು, ಕಣ್ಣಿನ ಮ್ಯಾಲ ಅಲ್ಲ. ಬ್ಲೇಡ್ ತೊಳದು ಇಟ್ಟದ್ದೂ ನೋಡೀನಿ.”

“ಮತ್ತ ಇಷ್ಟು ದಿನ ಕೈ ಎತ್ತಿಕೊಂಡು ಯಾಕ ಕುಂತ್ರಿ?”

ಮಾವ ಮೀಸೆ ಸವರಿಕೊಂಡರು. “ಹೇಳಿದ್ರ ನೀ ರಿಪೇರಿ ಮಾಡಿಸ್ತಿದ್ದಿ. ಆಮ್ಯಾಲ ಮುದುಕನ್ನ ಮದಿವಿಗೆ ಯಾರು ಕರಕೊಂಡು ಹೋಗ್ತಿದ್ರು?”

ನನ್ನ ತಂದೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಗು ಮುಗಿದ ಮೇಲೆ ಲೆಕ್ಕ ಹಾಕಿದೆ. ಇಡೀ ತಾಲೂಕನ್ನು ಊರಿಂದೂರಿಗೆ ಒಯ್ದು ಬಿಟ್ಟ ಮನುಷ್ಯ ನಿವೃತ್ತಿಯಾದ ಮೇಲೆ ಕಟ್ಟೆ ಬಿಟ್ಟು ಹೋದದ್ದೆಲ್ಲಿಗೆ? ಕಾರು ಬಂದಾಗಲೂ ನಾನು ಅವರಿಗೆ ಪಾಠ ಮಾಡಿದೆನೇ ಹೊರತು, ‘ಬರ್ರಿ, ಹೋಗೋಣು’ ಎಂದಿರಲಿಲ್ಲ.

ಮಿಸ್ತ್ರಿ ಗೀರು ಬಿದ್ದ ಕಡೆ ಗೆರೆಯ ಎರಡೂ ಅಂಚಿಗೆ ಟೇಪು ಅಂಟಿಸಿ, ಕರೆಂಟು ಹರಿಯುವಂಥ ಬೆಳ್ಳಿ ಬಣ್ಣವನ್ನು ಸಣ್ಣ ಕುಂಚದಿಂದ ಹಚ್ಚಿದ. ಒಣಗುವವರೆಗೆ ಯಾರೂ ಮುಟ್ಟಬಾರದೆಂದ. ಹಾಗೆನ್ನುವಾಗ ನನ್ನನ್ನೇ ನೋಡಿದ. ನಾವು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುತ್ತ ಕಾದೆವು. ಅಷ್ಟರಲ್ಲಿ ನನ್ನ ತಂದೆ ಸೀರೆ ಕೊಳ್ಳಲು ಬಂದ ಮೂರು ಗಿರಾಕಿಗಳಿಗೆ ಇಲಿಯ ಕಥೆ ಹೇಳಿ ಮುಗಿಸಿದ್ದರು. ಮೂರನೆಯ ಸಲ ಹೇಳುವಾಗ ಆ ಕಥೆಯಲ್ಲಿ ನಾನು ಗಾಜನ್ನೇ ಒಡೆದಿದ್ದೆ.

ಬೆರಳಿಲ್ಲದೆ ರೇಡಿಯೊ ಹಾಡಿತು. ಹೊರಡುವಾಗ ಮಾವ ಅಭ್ಯಾಸದಂತೆ ಹಿಂದಿನ ಬಾಗಿಲು ತೆರೆದರು. ನಾನು ಮುಂದಿನ ಬಾಗಿಲು ತೆಗೆದು ಹಿಡಿದೆ. ಬಂದು ಕೂತರು. ಊರು ದಾಟುವುದರೊಳಗೆ ನನ್ನ ಗೇರು, ಬ್ರೇಕು, ಹಾರ್ನು ಮೂರರಲ್ಲೂ ತಪ್ಪು ಹಿಡಿದಿದ್ದರು.

“ಬರೋ ಭಾನುವಾರ ದೇವಾಪುರಕ್ಕ ಹೋಗಿ ಬರೋಣ್ರಿ ಮಾವಾರ,” ಎಂದೆ.

“ಅಲ್ಲೇನದ?”

“ಏನಿಲ್ರಿ.”

ಸೀಟು ಹಿಂದಕ್ಕೆ ಸರಿಸಿ ಕಾಲು ಚಾಚಿದರು. “ಹಂಗಾದ್ರ ಜಲ್ದಿ ಹೊಂಡೋಣು,” ಎಂದರು.