ಬಾಲವಾಡಿಯ ಕೌದಿ

ನಿನ್ನೆ ಹಳೆಯ ಕೌದಿಯನ್ನು ಬಿಸಿಲಿಗೆ ಹಾಕೋಣವೆಂದು ಕೊಡವಿದೆ ನೋಡಿ, ಸೀನು ಬಂತು. ಸಣ್ಣ ಸೀನಲ್ಲ, ಓಣಿಯ ನಾಯಿ ಎದ್ದು ಕೂರುವಂಥದ್ದು. "ಇನ್ನಾ ಇದರಾಗ ಮೆಣಸಿನಕಾಯಿ ಐತಿ" ಎಂದೆ. ಸೊಸೆ ಒಪ್ಪಲಿಲ್ಲ. "ಬರೇ ಧೂಳ್ರಿ ಅತ್ತಿ. ಹರಿದು ಹನ್ನೆರಡಾಗೇತಿ. ಸಂಜೀಕ ಹಳೇ ಅರಿವಿ ತಗೊಂಡು ಪಾತ್ರಿ ಕೊಡಾಕಿ ಬರತಾಳ, ಕೊಟ್ಟುಬಿಡೂಣು." ಪಾಪ, ಹೋದ ತಿಂಗಳು ತಾಯಿಯನ್ನು ಕಳೆದುಕೊಂಡು ತವರಿನಿಂದ ಮರಳಿದಾಗಿನಿಂದ ಅವಳು ಮನೆ ಒರೆಸುತ್ತಲೇ ಇದ್ದಾಳೆ. ಈ ಕೌದಿಯ ಕಥೆಯನ್ನು ನಾನು ಅವಳಿಗೆ ಹೇಳಿಯೇ ಇರಲಿಲ್ಲ. ನಿಮಗೆ ಹೇಳುತ್ತೇನೆ, ಕುಳಿತುಕೊಳ್ಳಿ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ರಾಣೆಬೆನ್ನೂರಿನಿಂದ ದಿನವೂ ರೈಲಿನಲ್ಲಿ ಬ್ಯಾಡಗಿಗೆ ಹೋಗಿಬರುವ ಹೊಸ ಬಾಲವಾಡಿ ಶಿಕ್ಷಕಿ ನಾನು. ಮಕ್ಕಳ ಮನಸ್ಸಿನ ಬಗ್ಗೆ ತರಬೇತಿ ಆಗಿತ್ತು. ಮಕ್ಕಳನ್ನು ಮಾತ್ರ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಬಾಲವಾಡಿ ಬೇಕೆಂದು ಹಟ ಹಿಡಿದವರು ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ತೊಟ್ಟು ಬಿಡಿಸುವ ಹೆಂಗಸರು. ಅವರ ಮಕ್ಕಳು ದಿನವಿಡೀ ಕಾಯಿಯ ರಾಶಿಗಳ ನಡುವೆ ಆಡುತ್ತ, ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡು ಅಳುತ್ತಿದ್ದವು. ವ್ಯಾಪಾರಿಯೊಬ್ಬರನ್ನು ಕಾಡಿ ಬೇಡಿ ಖಾಲಿ ಗೋದಾಮು ಹಿಡಿದರು. ಅಪ್ಪಂದಿರು ಸುಣ್ಣ ಬಳಿದರು. ದಿನಕ್ಕೊಬ್ಬ ತಾಯಿ ಸರದಿಯಂತೆ ನನ್ನ ಜೊತೆ ಕೂತು ಮಕ್ಕಳಿಗೆ ತನಗೆ ಬಂದ ಕಥೆ, ಹಾಡು ಹೇಳಬೇಕೆಂದು ಮಾತಾಯಿತು.

ಚಳಿಗಾಲ, ಕೆಳಗೆ ಕಲ್ಲುಹಾಸು. ಏನು ಹಾಸುವುದು? ಆ ಚಿಂತೆ ತಲೆಗೆ ಹಚ್ಚಿಕೊಂಡವನು ಹಮಾಲ ಬಸಪ್ಪ. ಹೆಂಡತಿ ತೀರಿಕೊಂಡ ಮೇಲೆ ಮಗಳು ಗೌರಿ ಅವನ ಹೆಗಲು ಬಿಟ್ಟು ಇಳಿಯುತ್ತಿರಲಿಲ್ಲ. "ಕೂಸು ಒಂದು ಕಡೆ ಕುಂತರ ಸಾಕ್ರಿ ಅಕ್ಕಾರ. ಹೆಗಲ ಮ್ಯಾಲ ಇಕೀನ್ನ ಇಟಗೊಂಡು ಚೀಲಾ ಹೆಂಗ ಹೊರಲಿ?" ಎನ್ನುತ್ತಿದ್ದ. ಅವನೇ ಮೆಣಸಿನಕಾಯಿಯ ಖಾಲಿ ಚೀಲಗಳನ್ನು ತಂದು, ಗೋಡೆಗೆ ಬಡಿದು, ಬಿಸಿಲಿಗೆ ಹಾಕಿ, ಅಚ್ಚುಕಟ್ಟಾಗಿ ಹಾಸಿದ. ಹುಟ್ಟಿದಾಗಿನಿಂದ ಘಾಟು ಕುಡಿದು ಬೆಳೆದ ಜನ, ಯಾರಿಗೂ ಏನೂ ಅನ್ನಿಸಲಿಲ್ಲ. ಬೇರೆ ಊರಿನವಳು ಅಲ್ಲಿ ಈ ಶಿಕ್ಷಕಿ ಒಬ್ಬಳೇ ಇದ್ದಳು. ಅವಳು ಅಭಿನಯಗೀತೆಯ ಉತ್ಸಾಹದಲ್ಲಿದ್ದಳು.

ಹಾಡಿಗೆ ಮಕ್ಕಳು ಕುಣಿದವು, ಚೀಲದ ಧೂಳೆದ್ದಿತು. ಮೊದಲು ಒಂದು ಮಗು ಸೀನಿತು. ಆಮೇಲೆ ಇಡೀ ಬಾಲವಾಡಿ ಸೀನಿತು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಊರವರ ಹೆಮ್ಮೆ. ಚೀಲದ ಧೂಳಿಗೆ ಅದು ಗೊತ್ತಿರಲಿಲ್ಲ. ಚಡ್ಡಿ ಇಲ್ಲದೆ ಬಂದವರ ಗತಿಯನ್ನಂತೂ ನಾನು ವರ್ಣಿಸುವುದಿಲ್ಲ. ಓಡಿಬಂದ ತಾಯಂದಿರಲ್ಲಿ ಹಿರಿಯಳು ಶಾಂತವ್ವ, ಮೊಮ್ಮಗನನ್ನು ಕಂಕುಳಿಗೇರಿಸಿಕೊಂಡು, "ಛಲೋ ಸಾಲಿ ಆತ ಬಿಡವಾ! ನಮ್ಮ ಹತ್ರ ಇದ್ದಾಗ ಬರೇ ಕಣ್ಣು ಉರೀತಿದ್ದು, ನೀ ಕುಂಡಿನೂ ಉರಿಸಿದಿ!" ಎಂದಳು. ಎಲ್ಲ ಮಕ್ಕಳೂ ಹೊರಟುಹೋದವು.

ಮರುದಿನ ಬಂದದ್ದು ಬಸಪ್ಪ ಒಬ್ಬನೇ, ಹೆಗಲ ಮೇಲೆ ಗೌರಿ. ಖಾಲಿ ಗೋದಾಮು ನೋಡಿ ಅವಳು ಅಪ್ಪನ ಕುತ್ತಿಗೆ ಇನ್ನೂ ಬಿಗಿಯಾಗಿ ಹಿಡಿದಳು. "ಕೂಸಿನ ಜೋಡಿ ಬರೂದಾದ್ರ ಕೆಲಸಕ್ಕ ಬರಬ್ಯಾಡ ಅಂದಾನ್ರಿ ಹಮಾಲರ ಮುಕಾದಮ" ಎಂದು ಬಸಪ್ಪ ತಲೆ ತಗ್ಗಿಸಿದ. ನನಗೆ ತಡೆಯಲಾಗಲಿಲ್ಲ. ಸೀದಾ ಮಾರುಕಟ್ಟೆಗೆ ಹೋಗಿ ಹೆಂಗಸರ ನಡುವೆ ಕೂತು ಗೌರಿಯ ವಿಷಯ ಹೇಳಿದೆ, ಹೇಳುತ್ತ ಅತ್ತೆ, ಅಳುತ್ತ ಸೀನಿದೆ. ಶಾಂತವ್ವ ಕರಗಿದಳು. "ಅಳಬ್ಯಾಡ ತಂಗಿ. ಕೌದಿ ಇಲ್ಲದ ಮನಿ ಐತೇನು ನಮ್ಮ ಕಡೆ? ಒಬ್ಬೊಬ್ರು ಒಂದೊಂದು ಹಳೇ ಸೀರಿ ತುಂಡು ತರ್ರೆ. ಎಲ್ಲಾರೂ ಕೂಡಿ ಹೊಲಿಯೂಣು."

ಕೆಲಸ ಮುಗಿದ ಮೇಲೆ ಅಂಗೈಗೆ ಎಣ್ಣೆ ತಿಕ್ಕಿ ತೊಳೆದುಕೊಂಡು ಗೋದಾಮಿನ ಕಟ್ಟೆಯ ಮೇಲೆ ಹೊಲಿಯಲು ಕೂರುತ್ತಿದ್ದರು. ನನ್ನ ಹೊಲಿಗೆಯ ಟಾಕು ನೋಡಿ ನಕ್ಕು, ಸೂಜಿಗೆ ದಾರ ಪೋಣಿಸುವ ಕೆಲಸವಷ್ಟೇ ಕೊಟ್ಟರು. ಒಂದು ಸಂಜೆ ಬಸಪ್ಪ ಹಸಿರು ಇಳಕಲ್ ಸೀರೆ ಹಿಡಿದು ಬಂದು ನಿಂತ. ಕೊಡಲೊಲ್ಲ, ಹೋಗಲೊಲ್ಲ. "ಅಕೀದು ಇದೊಂದ ಉಳದೇತಿ" ಎಂದ. "ಟ್ರಂಕಿನಾಗ ಇಟ್ರ ನುಸಿ ತಿಂತಾವಪಾ. ಇಲ್ಲೆ ಹಾಸಿದ್ರ ನಿನ್ನ ಮಗಳು ಕುಂದ್ರತಾಳ. ನಿನ್ನ ಮನಸ್ಸು ನೋಡು" ಎಂದಳು ಶಾಂತವ್ವ. ಅವನು ತಾನೇ ಹರಿದುಕೊಟ್ಟ. ಆಮೇಲೆ ಟವೆಲಿನಿಂದ ಕಣ್ಣೊರೆಸಿಕೊಂಡು "ಖಾರ" ಎಂದ. ಬ್ಯಾಡಗಿಯಲ್ಲಿ ಗಂಡಸರಿಗೆ ಅದೊಂದು ಅನುಕೂಲ.

ಕೌದಿ ಹಾಸಿದ ದಿನ ಮಕ್ಕಳು ತಮ್ಮ ತಮ್ಮ ತುಂಡು ಹುಡುಕಿಕೊಂಡವು. "ಇದು ನಮ್ಮವ್ವ!" "ಇಲ್ಲೈತಿ ನೋಡು ನಮ್ಮವ್ವ!" ಸೀರೆ ಎಂದು ಯಾರೂ ಹೇಳಲಿಲ್ಲ. ಗೌರಿ ಅಪ್ಪನ ಹೆಗಲ ಮೇಲಿನಿಂದಲೇ ಹಸಿರನ್ನು ಕಂಡಳು. ಬಹಳ ಹೊತ್ತು ನೋಡಿದಳು. ಮೆಲ್ಲಗೆ ಜಾರಿ ಇಳಿದು, ಹೋಗಿ ಕೂತಳು. ಬಸಪ್ಪ ಬಾಗಿಲ ಮರೆಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ಚೀಲ ಹೊರಲು ಹೋದ.

ಕೆಲವು ತಿಂಗಳ ಮೇಲೆ ಗುತ್ತಲದಿಂದ ಕೂಲಿಗೆ ಬಂದವರ ಪುಟ್ಟ ಹುಡುಗಿಯೊಬ್ಬಳು ಸೇರಿದಳು. ಅವಳವ್ವನ ತುಂಡು ಕೌದಿಯಲ್ಲಿರಲಿಲ್ಲ. ಒಂದೇ ಸಮನೆ ಅಳು. ನನ್ನ ತರಬೇತಿಯ ಹಾಡುಗಳೆಲ್ಲ ಸೋತವು. ಆಗ ಗೌರಿ ಒಂದಿಷ್ಟು ಸರಿದು, ಹಸಿರಿನ ಮೇಲೆ ಕೈಯಾಡಿಸಿ ಅವಳನ್ನು ಕರೆದಳು. "ಬಾ. ನಮ್ಮವ್ವನ ತೊಡಿ ಮ್ಯಾಲ ಜಾಗಾ ಐತಿ." ಆ ಹುಡುಗಿ ಹೋಗಿ ಕೂತಳು, ಅಳು ನಿಂತಿತು. ನಾನು ಗೋಡೆಯ ಕಡೆ ತಿರುಗಿಕೊಂಡೆ.

ಬಾಲವಾಡಿಗೆ ಹೊಸ ಕಟ್ಟಡ, ಚಾಪೆ ಬಂದಾಗ ಕೌದಿ ನನ್ನ ಪಾಲಿಗೆ ಬಂತು. ಎಷ್ಟೋ ಸಲ ಹಾಸಿದ್ದೇನೆ, ಮಡಚಿದ್ದೇನೆ. ಆ ಹಸಿರಿನ ಮೇಲೆ ಮಾತ್ರ ಎಂದೂ ಕೂತವಳಲ್ಲ. ಅದು ನನ್ನ ಜಾಗವಲ್ಲ ಅನ್ನಿಸುತ್ತಿತ್ತು. ನಿನ್ನೆ ಸಂಜೆ, ಕೊಟ್ಟುಬಿಡುವ ಮುನ್ನ ಒಮ್ಮೆ ಎಂದು ಮೊಣಕಾಲು ಹಿಡಿದುಕೊಂಡು ಆ ಹಸಿರಿನ ಮೇಲೆ ಕೂತೆ. ಎಷ್ಟೋ ವರ್ಷಗಳ ಹಿಂದೆ ತೀರಿಹೋದ ನನ್ನ ಅವ್ವ ನೆನಪಾದಳು.

"ಯಾಕ್ರಿ ಅತ್ತಿ, ಏನಾತು?" ಎಂದು ಸೊಸೆ ಓಡಿಬಂದಳು.

"ಏನಿಲ್ಲ. ಖಾರ."

"ಬ್ಯಾಡಗಿ ಕಾಯಿ ಎಲ್ಲೆ ಅಷ್ಟು ಖಾರ ಇರತಾವ್ರಿ?" ಎಂದವಳು ನನ್ನ ಮುಖ ನೋಡಿ ಹತ್ತಿರ ಬಂದಳು. ನಾನು ಒಂದಿಷ್ಟು ಸರಿದೆ. "ಬಾ, ಕುಂದ್ರು. ಜಾಗಾ ಐತಿ" ಎಂದೆ.

ಅವಳು ಕೂತಳು. ಓಣಿಯಲ್ಲಿ ಪಾತ್ರೆಯವಳು ಕೂಗಿದಳು, ಮತ್ತೊಮ್ಮೆ ಕೂಗಿದಳು. ಇಬ್ಬರೂ ಏಳಲಿಲ್ಲ.