ತೊಗಲಿನ ಹಗ್ಗ ಮುಟ್ಟಿದ ಯೆಂಗ್

ಗಂಡಸರು ಆನೆ ಹಿಡಿಯಲು ಕಾಡಿಗೆ ಹೋದ ಮೇಲೆ ಕೂಯ್ ಬುಡಕಟ್ಟಿನ ಹೆಂಗಸರು ಮನೆ ಗುಡಿಸುವುದಿಲ್ಲ, ತಲೆ ಬಾಚುವುದಿಲ್ಲ, ಹೊರಗಿನವರನ್ನು ಕಂಬದ ಮೇಲಿನ ಮನೆಯ ಏಣಿ ಹತ್ತಲು ಬಿಡುವುದಿಲ್ಲ. ಆನೆ ಕಟ್ಟುವ ಎಮ್ಮೆ ತೊಗಲಿನ ಹಗ್ಗವನ್ನಂತೂ ಯಾವ ಕಾಲಕ್ಕೂ ಮುಟ್ಟುವುದಿಲ್ಲ. ಅದರಲ್ಲಿ ತೀರಿಹೋದ ಹಿರಿಯರು ನೆಲೆಸಿದ್ದಾರೆ. ಇಲ್ಲಿ ಹೆಂಗಸು ತಪ್ಪಿದರೆ ಅಲ್ಲಿ ಅವಳ ಗಂಡನ ಮೇಲೆ ಆನೆ ತಿರುಗುತ್ತದೆ. ಯೆಂಗ್ ಇದನ್ನೆಲ್ಲ ಚಾಚೂ ತಪ್ಪದೆ ನಡೆಸಿಕೊಂಡು ಬಂದವಳು. ಕೆದರಿದ ತಲೆಯಲ್ಲೇ ಗದ್ದೆಗೆ ಹೋಗಿ ಬರುತ್ತಿದ್ದಳು.

ಆ ಸಲ ಗಂಡ ತೂಮ್ ಹೋದಾಗ ಅವರ ಸಲಗ ಸಂಬೋರ್ ಊರಲ್ಲೇ ಉಳಿದಿತ್ತು. ಹಿಂದಿನ ಯುದ್ಧದಲ್ಲಿ ಅದರ ಭುಜಕ್ಕೆ ಈಟಿ ನಾಟಿತ್ತು. ಅದರ ಕತ್ತಿನ ಮೇಲೆ ಕೂತು ಹೋದ ಯೆಂಗ್‌ಳ ಅಣ್ಣ ತಿರುಗಿ ಬರಲಿಲ್ಲ. ಸೈನಿಕರು ಆನೆಗೆ ಹೆಂಡ ಕುಡಿಸಿ ಮುಂದಕ್ಕೆ ಅಟ್ಟಿದ್ದರು. ಬೆಂಕಿ ಕಂಡು ಬೆದರಿದ ಅದು ಹಿಂದಕ್ಕೆ ಓಡಿತು. ಕೆಳಗೆ ಬಿದ್ದ ಅಣ್ಣ ತನ್ನ ಆನೆಯ ಕಾಲಡಿಗೇ ಸಿಕ್ಕಿದ. ಯೆಂಗ್ ಆನೆಯ ಮೇಲೆ ಸಿಟ್ಟು ಮಾಡಲಿಲ್ಲ. ಗಾಯಕ್ಕೆ ಅರಿಸಿನ ಮೆತ್ತಿ, ಬಾಳೆದಿಂಡು ತಿನ್ನಿಸಿ ಬದುಕಿಸಿಕೊಂಡಳು. ಇನ್ನು ಇದನ್ನು ದಂಡಿಗೆ ಕೊಡುವುದಿಲ್ಲವೆಂದು ಗಂಡನಿಂದ ಮಾತು ತೆಗೆದುಕೊಂಡಳು.

ರಾಜರ ನಗರದಿಂದ ಅಧಿಕಾರಿ ಸೈನಿಕರೊಂದಿಗೆ ಬಂದದ್ದು ಆಗಲೇ.

"ಆನೆ ಬಿಚ್ಚಿಸಮ್ಮ. ಶತ್ರುಗಳು, ಆ ಚಾಮರು, ಗಡಿ ದಾಟಿದಾರೆ."

"ಅದರ ಭುಜ ನೋಡಿ ಒಡೆಯಾ. ಅಂಬಾರಿ ಹೊರಲಾರದು."

"ಮುಂದಿನ ಸಾಲಿಗೆ ಬಿಡ್ತೀವಿ. ಬಾಣ ತಿನ್ನೋಕೆ ಭುಜ ಗಟ್ಟಿ ಇರ್ಬೇಕಾ? ಅದಿರ್ಲಿ, ನಿನ್ನ ತಲೆ ಬಾಚಣಿಗೆ ಕಂಡು ಎಷ್ಟು ಕಾಲ ಆಯ್ತು?"

"ನನ್ನ ಗಂಡ ಕಾಡಲ್ಲಿದಾನೆ. ನಿಮ್ಮ ಮನೆಯೋರು ದಿನಾ ಬಾಚ್ಕೋಬಹುದು. ನೀವು ಅಪಾಯದ ಕಡೆ ಹೋಗೋದೇ ಇಲ್ವಲ್ಲ."

ಹಿಂದಿದ್ದ ಸೈನಿಕನೊಬ್ಬ ನಗು ತಡೆಯಲು ಕೆಮ್ಮಿದ. ಅಧಿಕಾರಿಯ ಮುಖ ಕೆಂಪಾಯಿತು. ಹಗ್ಗ ಬಿಚ್ಚಿ ಎಂದರೆ ಸೈನಿಕರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಹಗ್ಗದ ಸುದ್ದಿ ಅವರೂ ಕೇಳಿದ್ದರು. ಕೊನೆಗೆ ಊರಿನ ಹಿರಿಯ ಮೂಕ್ ತಾತ ಮುಂದೆ ಬಂದ.

"ಹಗ್ಗದಲ್ಲಿರೋ ಹಿರಿಯರಿಗೆ ಒಂದು ಕೋಳಿ ಒಪ್ಪಿಸಿ ನಾನೇ ಬಿಚ್ಚಿಕೊಡ್ತೀನಿ ಒಡೆಯಾ. ಯೆಂಗ್, ನೀನು ಸುಮ್ನಿರು ತಾಯಿ. ರಾಜರ ಕೆಲಸ."

"ರಾಜರ ಕೆಲಸಕ್ಕೆ ನಮ್ಮಣ್ಣ ಹೋಗಿದಾನಲ್ಲ ತಾತ. ಸಾಲ್ದಾ?"

ತಾತ ಕೋಳಿ ಹಿಡಿಯಲು ಹೋದ. ಅಷ್ಟರಲ್ಲಿ ಸೈನಿಕರು ಹೆಂಡದ ಮಡಕೆಯನ್ನು ಸಂಬೋರ್‌ನ ಮುಂದಿಟ್ಟರು. ವಾಸನೆ ಮೂಗಿಗೆ ಬಡಿದದ್ದೇ ಆನೆ ಹಿಂದೆ ಸರಿಯಿತು. ಹಗ್ಗ ಬಿಗಿದು ನಿಂತಿತು. ಆಮೇಲೂ ಅದು ಹಿಂದಕ್ಕೇ ಜಗ್ಗುತ್ತಿತ್ತು; ಮೈಯೆಲ್ಲ ನಡುಗುತ್ತಿತ್ತು.

ಯೆಂಗ್ ನೇರ ಹಗ್ಗ ಕಟ್ಟಿದ್ದ ಮರದ ಬುಡಕ್ಕೆ ನಡೆದಳು.

"ಮುಟ್ಟಬೇಡ!" ತಾತ ಕೋಳಿ ಬಿಟ್ಟು ಓಡಿ ಬಂದ. "ತೂಮ್ ಇನ್ನೂ ಕಾಡಲ್ಲಿದಾನೆ ಕಣೇ."

ಅವಳಿಗೂ ಅದೇ ಭಯ. ಬೆರಳು ಒಂದು ಗಳಿಗೆ ಗಂಟಿನ ಮೇಲೆ ನಿಂತವು. ಆಮೇಲೆ ಬಿಚ್ಚಿದಳು. ಬಿಚ್ಚಿಬಿಟ್ಟ ಸಲಗದ ಎದುರು ನಿಲ್ಲುವ ಗಂಡು ಅಲ್ಲಿ ಯಾರೂ ಇರಲಿಲ್ಲ. ಸಂಬೋರ್ ಮಡಕೆಯನ್ನು ತುಳಿದು ಕಾಡು ಸೇರಿತು.

"ಆನೆ ಇಲ್ಲ ಅಂದ್ರೆ ಎಮ್ಮೆಗಳು," ಎಂದ ಅಧಿಕಾರಿ. ಅವಳ ಉಳುವ ಜೋಡಿಯನ್ನು ಹೊಡೆದುಕೊಂಡು ಹೋದ.

ತೂಮ್ ಕೆಲವು ದಿನ ಕಳೆದು ಬಂದ, ಬಿದಿರಿನ ತಟ್ಟಿಯ ಮೇಲೆ. ಹಿಡಿದ ಆನೆ ಅವನ ಕಾಲನ್ನು ಮರಕ್ಕೆ ಒತ್ತಿತ್ತು. ಊರು ಯೆಂಗ್‌ಳ ಕಡೆ ನೋಡಿತು. ಬೇರೆಯವರು ಹೇಳುವ ಮೊದಲು ಅವಳೇ ಹಗ್ಗದ ವಿಷಯ ಗಂಡನಿಗೆ ಹೇಳಿದಳು. ಅವನು ಗೋಡೆ ಕಡೆ ತಿರುಗಿ ಮಲಗಿದ. ಊರಲ್ಲಿ ಉಳಿದ ತೊಗಲಿನ ಹಗ್ಗಗಳಿಗೆ ಅಡ್ಡಬಿದ್ದು ತಪ್ಪು ಒಪ್ಪಿಕೋ ಎಂದು ಊರಿನ ದೊಡ್ಡವರು ಹೇಳಿ ಕಳಿಸಿದರು. ಅವಳು ಹೋಗಲಿಲ್ಲ.

"ನನ್ನ ಕಾಲಿಗೋಸ್ಕರನಾದ್ರೂ ಹೋಗಬಾರ್ದಾ?" ತೂಮ್ ಕೊನೆಗೆ ಕೇಳಿದ.

"ನಿನ್ನ ಕಾಲಿಗೆ ಎಣ್ಣೆ ತಿಕ್ತೀನಿ, ಸಾಯೋವರೆಗೂ. ಆ ಆನೇನ ಬಿಟ್ಟಿದ್ದು ತಪ್ಪು ಅಂತ ಮಾತ್ರ ನನ್ನ ಬಾಯಲ್ಲಿ ಬರಲ್ಲ."

ಮಳೆ ಬಿತ್ತು. ಉಳಲು ಎಮ್ಮೆ ಇರಲಿಲ್ಲ. ಯೆಂಗ್ ನೊಗಕ್ಕೆ ಹೆಗಲು ಕೊಟ್ಟು ಎರಡೂ ಕೈಯಲ್ಲಿ ಹಿಡಿದು ಎಳೆದಳು. ತೂಮ್ ಕುಂಟುತ್ತಾ ಬಂದು ಹಿಂದೆ ನೇಗಿಲಿನ ಮೇಳಿ ಹಿಡಿದ. ಬದುವಿನ ಮೇಲೆ ಮೂಕ್ ತಾತ ನಿಂತ.

"ಈಗಲಾದ್ರೂ ಒಂದ್ಸಲ ಬಂದು ಹಗ್ಗಕ್ಕೆ ಕೈ ಮುಗಿ ತಾಯಿ."

"ಕೈ ಖಾಲಿ ಇಲ್ಲ ತಾತ," ಎಂದಳು ಯೆಂಗ್. ಕೆಸರಿನಿಂದ ಕಾಲು ಕಿತ್ತು ಮುಂದಕ್ಕೆ ಇಟ್ಟಳು.