ತಗಡು ದನಿ ಕಲಿತ ಉಸಿರು

ಶ್ರಾವಣ ಸೋಮವಾರದ ಮಧ್ಯಾಹ್ನ ಹರಿಹರದ ನಮ್ಮ ಮನೆಯ ಪಡಸಾಲೆಯಲ್ಲಿ ಪುರಾಣ ಓದುವುದು ನನ್ನ ಅತ್ತೆಯ ಕಾಲದಿಂದ ನಡೆದು ಬಂದದ್ದು. ಓಣಿಯ ಹೆಂಗಸರು ಊಟ ಮುಗಿಸಿ, ಪಾತ್ರೆ ಬೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕೂರುತ್ತಾರೆ. ಅತ್ತೆ ಹೋದ ಮೇಲೆ ಓದುವ ಮಣೆ ನನಗೆ ಬಂತು. ನಾನೇನೂ ಬಹಳ ಓದಿದವಳಲ್ಲ. ಆದರೆ ಷಟ್ಪದಿಯನ್ನು ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎನ್ನುವುದು ಅತ್ತೆಯ ಬಾಯಿಂದ ನನ್ನ ಬಾಯಿಗೆ ಇಳಿದಿತ್ತು. ನಾನು ನಿಂತ ಕಡೆಯಲ್ಲೆಲ್ಲ ಹೆಂಗಸರು ಒಟ್ಟಿಗೆ 'ಶಿವಶಿವಾ' ಅನ್ನುತ್ತಾರೆ. ವರ್ಷದ ಉಳಿದ ದಿನವೆಲ್ಲ ನಾನು ಯಾರದೋ ಹೆಂಡತಿ, ಯಾರದೋ ಅತ್ತಿಗೆ. ಆ ಮಧ್ಯಾಹ್ನಗಳಲ್ಲಿ ಮಾತ್ರ ನಾನು ಬಾಯಿ ತೆರೆದರೆ ಓಣಿ ಸುಮ್ಮನಾಗುತ್ತದೆ. ಆ ಮಣೆಯ ಮೇಲೆ ನನಗೆ ಮಮಕಾರವಿದೆ, ಸುಳ್ಳು ಯಾಕೆ ಹೇಳಲಿ.

ಕಣ್ಣು ಹೋಗತೊಡಗಿದಾಗ ನಡುವಿನಿಂದ ಹೋಯಿತು. ಎದುರಿಗೆ ಕೂತವರ ಸೀರೆಯ ಅಂಚು ಕಾಣುತ್ತದೆ, ಮುಖ ಕಾಣುವುದಿಲ್ಲ. ಪುಟದ ಬಿಳಿ ಅಂಚು ಕಾಣುತ್ತದೆ, ಅಕ್ಷರ ಇರಬೇಕಾದ ಕಡೆ ಬೂದಿ ಚೆಲ್ಲಿದ ಹಾಗೆ. ಕೆಲವು ಪದ್ಯಗಳೇನೋ ಬಾಯಿಗೆ ಬರುತ್ತಿದ್ದವು, ಆದರೆ ಇಡೀ ಪುರಾಣವನ್ನು ನೆನಪಿನಿಂದ ಹೇಳುವ ಶಕ್ತಿ ನನಗಿರಲಿಲ್ಲ. ದಾವಣಗೆರೆಯ ಕಣ್ಣಿನ ಡಾಕ್ಟರು ಬಹಳ ಮೆತ್ತಗೆ ಮಾತಾಡಿದರು. ಅವರು ಅಷ್ಟು ಮೆತ್ತಗೆ ಮಾತಾಡಿದ್ದರಿಂದಲೇ ಇದು ವಾಪಸ್ ಬರುವುದಿಲ್ಲ ಎಂದು ನನಗೆ ತಿಳಿಯಿತು.

ಹೊರಗೆ ಬೆಂಚಿನ ಮೇಲೆ ಕೂತಾಗ ಪಕ್ಕದಲ್ಲೊಬ್ಬರ ಫೋನು ಪಟಪಟ ಏನೋ ಉದುರಿಸುತ್ತಿತ್ತು. ಹುರಿಯುವ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಸದ್ದು. ಇದ್ಯಾವ ದೇಶದ ಭಾಷೆಯಪ್ಪ ಎಂದುಕೊಂಡು ಕೇಳಿಯೇಬಿಟ್ಟೆ.

"ಕನ್ನಡನೇ ಅಕ್ಕಾರೆ. ನಾ ಸ್ವಲ್ಪ ಜೋರು ಓಡಿಸ್ತೀನಿ," ಎಂದು ಆ ಹೆಂಗಸು ನಕ್ಕರು. ದಾವಣಗೆರೆಯ ಒಂದು ಆಫೀಸಿನಲ್ಲಿ ಟೆಲಿಫೋನ್ ಆಪರೇಟರ್ ಅಂತೆ, ಹುಟ್ಟಾ ಕಣ್ಣಿಲ್ಲ. ಸ್ನೇಹಿತೆಯ ಜೊತೆಗೆ ಬಂದಿದ್ದರು. ಫೋನಿನ ವೇಗ ಇಳಿಸಿ ನನ್ನ ಕಿವಿಗೆ ಹಿಡಿದರು. ಅವತ್ತಿನ ಪೇಪರು. ಭದ್ರಾ ಕಾಲುವೆಗೆ ನೀರು ಬಿಡುವ ಸುದ್ದಿಯನ್ನು ಒಂದು ತಗಡು ದನಿ ಸ್ಪಷ್ಟವಾಗಿ ಓದುತ್ತಿತ್ತು. ನಾನು ಕಿವಿಯನ್ನು ಇನ್ನೂ ಹತ್ತಿರ ಒಡ್ಡಿದೆ. ಪೇಪರು ಬಿಟ್ಟು ಎಷ್ಟೋ ಕಾಲವಾಗಿತ್ತು.

"ಎಷ್ಟು ಕೊಟ್ರಿ ಇದಕ್ಕೆ?" ಎಂದರು ನನ್ನ ಯಜಮಾನರು. ದಾವಣಗೆರೆಯಲ್ಲಿ ಜವಳಿ ಅಂಗಡಿ ನಡೆಸಿದವರು, ಅವರಿಗೆ ಮೊದಲು ಬರುವ ಪ್ರಶ್ನೆ ಅದೇ.

"ಪುಕ್ಕಟೆ ರೀ. ಯಾರ್ಯಾರೋ ಸೇರಿ ಬರದಾರ. ಒಳಗ ಹೆಂಗೆ ಮಾಡ್ಯಾರ ಅನ್ನೋದನ್ನೂ ತೆರೆದೇ ಇಟ್ಟಾರ. ಬೇಕಾದವರು ನೋಡಬೌದು, ತಿದ್ದಬೌದು."

ಹರಿಹರದ ಬಸ್ಸಿನಲ್ಲಿ ಕೂತ ಮೇಲೆ ನಮ್ಮವರು ಶುರು ಮಾಡಿದರು. ಬಟ್ಟೆಯ ಥಾನಿನಿಂದ ಕತ್ತರಿಸಿ ಉಳಿದ ತುಂಡನ್ನು ಮಾತ್ರ ಅಂಗಡಿಯವನು ಪುಕ್ಕಟೆ ಕೊಡುತ್ತಾನೆ, ಅದರಿಂದ ಅಂಗಿ ಆಗುತ್ತದೆಯೇ, ಒರೆಸುವ ಬಟ್ಟೆ ಆಗುತ್ತದೆ ಎಂದರು. ನಾಳೆ ಕೆಟ್ಟರೆ ಯಾರ ಅಂಗಡಿ ಮುಂದೆ ಹೋಗಿ ನಿಲ್ಲುತ್ತೀ ಎಂದರು. ಮಾರನೆಯ ದಿನವೇ ಒಂದು ದೊಡ್ಡ ಕಂಪನಿಯ ದನಿಯನ್ನು ದುಡ್ಡು ಕಟ್ಟಿ ನನ್ನ ಫೋನಿಗೆ ಹಾಕಿಸಿದರು.

ಆ ದನಿ ನಿಜವಾಗಿಯೂ ಚೆನ್ನಾಗಿತ್ತು. ರೇಡಿಯೋದಲ್ಲಿ ವಾರ್ತೆ ಓದುವ ಹೆಂಗಸಿನ ಹಾಗೆ, ನುಣುಪು, ಗಂಭೀರ. ನಮ್ಮವರು ಪುರಾಣದ ಪುಸ್ತಕದ ಒಂದೊಂದೇ ಹಾಳೆಯ ಫೋಟೋ ತೆಗೆದರು. ಫೋಟೋದಿಂದ ಅಕ್ಷರ ಎತ್ತಿಕೊಡುವ ಇನ್ನೊಂದು ತಂತ್ರಾಂಶವಿದೆ, ಅದೂ ಪುಕ್ಕಟೆಯದೇ. ಅದನ್ನು ನಾನು ಎತ್ತಿ ಆಡಲಿಲ್ಲ. ಅದು ಅಕ್ಷರ ತಪ್ಪಾಗಿ ಎತ್ತಿದ ಕಡೆ ಅವರೇ ಕನ್ನಡಕ ಏರಿಸಿ ಕೂತು ತಿದ್ದಿದರು. ಮದುವೆಯಾದಾಗಿನಿಂದ ಪುರಾಣದ ಪಡಸಾಲೆಗೆ ತಲೆ ಹಾಕದ ಮನುಷ್ಯ ಹೀಗೆ ಅಕ್ಷರ ಅಕ್ಷರ ಪುರಾಣ ಓದಿ ಮುಗಿಸಿದರು. ಬಾಗಿಲಾಚೆ ಕೂತು ತಿದ್ದುವಾಗ ಒಮ್ಮೊಮ್ಮೆ "ಭಲೇ" ಅನ್ನುವುದು ಕೇಳಿಸುತ್ತಿತ್ತು.

ನಮ್ಮ ಉಪಾಯ ಇಷ್ಟೇ. ಫೋನಿನ ದನಿ ನನ್ನ ಕಿವಿಯಲ್ಲಿ ನಿಧಾನವಾಗಿ ಸಾಲು ಹೇಳುತ್ತ ಹೋಗಬೇಕು, ನಾನು ಅದರ ಬೆನ್ನಿಗೇ ಅದನ್ನು ನನ್ನ ರಾಗದಲ್ಲಿ ಹೆಂಗಸರಿಗೆ ಹೇಳುತ್ತ ಬರಬೇಕು. ನಿಲ್ಲಬೇಕಾದ ಕಡೆ ಆ ದನಿ ತಾನೇ ನಿಲ್ಲುತ್ತಿತ್ತು, ಅಭ್ಯಾಸ ಕೂಡಿಬಂದಿತ್ತು. ಆಷಾಢ ಹತ್ತಿರವಾದಾಗ ಒಂದು ಬೆಳಗ್ಗೆ ಫೋನು ಒತ್ತಿದರೆ ಮಾತೇ ಇಲ್ಲ. ನಮ್ಮವರು ಪರದೆ ನೋಡಿ ಓದಿದರು. ಈ ದನಿ ಇನ್ನು ಮುಂದೆ ಕನ್ನಡದಲ್ಲಿ ಸಿಗುವುದಿಲ್ಲ ಎಂದು ಕಂಪನಿಯವರು ತಿಳಿಸಿದ್ದರು. ಉಳಿದ ದುಡ್ಡು ವಾಪಸ್ ಕೊಟ್ಟರು, ಅದರಲ್ಲಿ ಮೋಸವಿಲ್ಲ. ಆದರೆ ನಾನು ಆ ದನಿಯನ್ನು ಮನೆಯ ಹೆಣ್ಣುಮಗಳ ಹಾಗೆ ಹಚ್ಚಿಕೊಂಡಿದ್ದೆ. ಹೇಳದೆ ಕೇಳದೆ ಎದ್ದು ಹೋದಳಲ್ಲ ಎಂದು ಕಣ್ಣೀರು ಹಾಕಿದೆ. ನಮ್ಮವರು ಯಾರ ಅಂಗಡಿ ಮುಂದೆಯೂ ಹೋಗಿ ನಿಲ್ಲಲಿಲ್ಲ. ನಿಲ್ಲಲು ಅಂಗಡಿ ಎಲ್ಲಿದೆ ಎಂದೇ ಅವರಿಗೆ ತಿಳಿಯಲಿಲ್ಲ.

ಓಣಿಯಲ್ಲಿ ಇದರ ಮೇಲೆ ದೊಡ್ಡ ಚರ್ಚೆಯಾಯಿತು. ಮಂಡಕ್ಕಿ ಮೆಣಸಿನಕಾಯಿ ಹಿಡಿದು ಕೂತರೆ ನಮ್ಮ ಹೆಂಗಸರಿಗೆ ಕಂಪನಿಗಳ ಮೇಲೆ ಹೇಳಲು ಬಹಳ ಇರುತ್ತದೆ. ಫೋನು ನಾವು ಮಾತಾಡುವುದನ್ನೆಲ್ಲ ಕೇಳಿಸಿಕೊಳ್ಳುತ್ತದೆ, ಮಿಕ್ಸಿ ಕೆಟ್ಟಿತು ಎಂದರೆ ಸಂಜೆಗೆ ಮಿಕ್ಸಿಯ ಜಾಹೀರಾತು ಬರುತ್ತದೆ ಎಂದಳು ಒಬ್ಬಳು. ಕೊಕ್ಕನೂರಿನಿಂದ ಸೊಸೆಯಾಗಿ ಬಂದ ಇನ್ನೊಬ್ಬಳು, "ಟೀವಿಯಾಗ ಯಾವ ಪುರಾಣ ಬೇಕೋ ಬರ್ತೈತೆ, ಹಚ್ಚಿ ಕುಂತ್ರೆ ಆತು. ಅಕ್ಕಾರಿಗೆ ಯಾಕ ತ್ರಾಸು?" ಎಂದಳು. ಅವಳ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಒಮ್ಮೆ ಟೀವಿ ಹಚ್ಚಿದರೆ ಮುಂದಿನ ವರ್ಷ ನಮ್ಮ ಮನೆಗೆ ಬರಬೇಕಾದ ಅಗತ್ಯವೇ ಯಾರಿಗೂ ಇರುವುದಿಲ್ಲ, ಅವರವರ ಮನೆಯಲ್ಲೇ ಟೀವಿ ಇದೆ.

ಅವತ್ತು ನಂಬರು ಕೊಟ್ಟಿದ್ದ ಆಪರೇಟರ್ ಮೇಡಂಗೆ ಫೋನು ಮಾಡಿದೆ. ಅವರು ಹೇಳಿಕೊಟ್ಟ ಹಾಗೆ ನಮ್ಮವರು ಗೊಣಗುತ್ತಲೇ ತಗಡು ದನಿಯನ್ನು ಹಾಕಿದರು. ಅದಕ್ಕೆ ನೆಟ್ ಬೇಡ, ಹೆಸರು ಬೇಡ, ಕರಾರು ಬೇಡ. ಕಿವಿ ಹೊಂದಿಕೊಂಡಿತು. ಪೇಪರಿಗೆ, ಕತೆ ಪುಸ್ತಕಕ್ಕೆ ಯಾವ ತಕರಾರೂ ಇಲ್ಲ. ಪುರಾಣಕ್ಕೆ ಬಂದಾಗ ಮಾತ್ರ ಕೈಕೊಟ್ಟಿತು. ಹಳೆಯ ಪುಸ್ತಕದಲ್ಲಿ ಪದ್ಯದ ನಡುವೆ ನಿಲ್ಲಬೇಕಾದ ಕಡೆ ಒಂದು ನೆಟ್ಟ ಗೆರೆ, ಪದ್ಯ ಮುಗಿದಲ್ಲಿ ಜೋಡಿ ಗೆರೆ ಹಾಕಿರುತ್ತಾರೆ. ತಗಡು ದನಿಗೆ ಆ ಗೆರೆಗಳ ಪರಿಚಯವೇ ಇರಲಿಲ್ಲ. ಒಂಟಿ ಗೆರೆಯನ್ನು ಹಾರಿ ಓಡುತ್ತಿತ್ತು, ಜೋಡಿ ಗೆರೆ ಬಂದರೆ ಇಂಗ್ಲಿಷಿನಲ್ಲಿ ಏನೋ ಗೊಣಗಿ ಮುಂದಕ್ಕೆ ಹೋಗುತ್ತಿತ್ತು. ನಾನು ಒಂದು ಸಾಲು ಹೇಳಿ ಮುಗಿಸುವಷ್ಟರಲ್ಲಿ ಅದು ಮುಂದಿನ ಪದ್ಯದಲ್ಲಿರುತ್ತಿತ್ತು. ಪ್ರತಿ ಸಾಲಿಗೂ ಪರದೆ ಮುಟ್ಟಿ ನಿಲ್ಲಿಸಲು ನೋಡಿದೆ, ರಾಗವೇ ಮುರಿದು ಬಿತ್ತು.

"ಅದಕ್ಕ ಹೇಳಿದ್ದು," ಎಂದರು ನಮ್ಮವರು.

"ಅದನ್ನ ಮಾಡಿದವರಿಗೆ ಬರೀರಿ ಅಕ್ಕಾರೆ, ತಿದ್ದತಾರ," ಎಂದರು ಮೇಡಂ. ಬರೆಯುವ ಜಾಗ ಎಲ್ಲಿದೆ ಎಂದೂ ತಿಳಿಸಿದರು. ನಮ್ಮವರು ತಮಗೆ ಬರುವ ಇಂಗ್ಲಿಷಿನಲ್ಲಿ ಬರೆದರು. ಅವರಿಗೆ ಬರುವುದು ಬಟ್ಟೆ ಮಿಲ್ಲಿಗೆ ಬರೆಯುವ ಇಂಗ್ಲಿಷು ಮಾತ್ರ. ಮಾನ್ಯರೇ, ತಮ್ಮ ಮಾಲು ತಲುಪಿದೆ, ಮಾಲಿನಲ್ಲಿ ದೋಷವಿದೆ, ಕೂಡಲೇ ಸರಿಪಡಿಸಿ ಕಳುಹಿಸುವುದು. ಒಂದು ರೂಪಾಯಿ ಕೊಡದವರು ಹೀಗೆ ದಬಾಯಿಸಿ ಬರೆದರೆ ಯಾರು ಉತ್ತರ ಕೊಡುತ್ತಾರೆ ಎಂದು ನನಗೆ ನಾಚಿಕೆಯಾಯಿತು.

ಉತ್ತರ ಬಂತು. ಯಾವುದೋ ಚಳಿ ದೇಶದವರು. ಹೆಸರಿನಿಂದ ಗಂಡಸೋ ಹೆಂಗಸೋ ನಮಗೆ ತಿಳಿಯಲಿಲ್ಲ. ಕ್ಷಮಿಸಿ, ಬೇರೆ ಕೆಲವು ಭಾಷೆಗಳಲ್ಲಿ ಈ ಗೆರೆಗೆ ನಿಲ್ಲುವ ಹಾಗೆ ಮಾಡಿದ್ದೇವೆ, ಕನ್ನಡಕ್ಕೆ ಇದುವರೆಗೂ ಯಾರೂ ಕೇಳಿರಲಿಲ್ಲ ಎಂದು ಬರೆದಿದ್ದರು. ನನಗೆ ಕನ್ನಡದ ಒಂದಕ್ಷರವೂ ಬರುವುದಿಲ್ಲ, ಎಷ್ಟು ಹೊತ್ತು ನಿಲ್ಲಬೇಕು ಹೇಳುತ್ತೀರಾ ಎಂದು ಕೇಳಿದ್ದರು.

ಎಷ್ಟು ಹೊತ್ತು. ನಾನು ಜನ್ಮದಲ್ಲಿ ಅದನ್ನು ಅಳೆದಿರಲಿಲ್ಲ. ಹೆಂಗಸರು 'ಶಿವಶಿವಾ' ಅನ್ನುವಷ್ಟು ಹೊತ್ತು, ಅಷ್ಟೇ. ಅದನ್ನು ಚಳಿ ದೇಶಕ್ಕೆ ಹೇಗೆ ಬರೆಯುವುದು?

"ಓದಿ ಕಳಿಸೋಣ್ರಿ," ಎಂದೆ. "ಬಾಯಿಪಾಠ ಬರೋ ಪದ್ಯ ನಾ ಹೇಳ್ತೀನಿ. ನಿಂತಲ್ಲಿ ನೀವು ಶಿವಶಿವಾ ಅನ್ರಿ."

"ನಾನಾ?"

"ಮತ್ಯಾರು ಅದಾರ ಮನಿಯಾಗ?"

ಹೀಗೆ ಒಂದು ಬೆಳಗ್ಗೆ ಫೋನನ್ನು ನಡುವೆ ಇಟ್ಟುಕೊಂಡು ನಾವಿಬ್ಬರು ಪುರಾಣಕ್ಕೆ ಕೂತೆವು. ನಮ್ಮವರ ಮೊದಲ 'ಶಿವಶಿವಾ' ಗಿರಾಕಿಯನ್ನು ಕೂಗಿದ ಹಾಗಿತ್ತು. ನನಗೆ ನಗು ತಡೆಯಲಾಗಲಿಲ್ಲ. ಮತ್ತೆ ಮೊದಲಿಂದ ಹಿಡಿದೆವು. ಆಮೇಲಾಮೇಲೆ ಅವರ ದನಿ ತಗ್ಗಿತು, ನನ್ನ ರಾಗದ ಕೊನೆಯನ್ನು ಹಿಡಿದು ತನ್ನಷ್ಟಕ್ಕೆ ಬಂದು ಕೂರತೊಡಗಿತು. ಕಳಿಸಿದೆವು.

ಬಂದ ಉತ್ತರವನ್ನು ನಮ್ಮವರು ಎರಡೆರಡು ಸಲ ಓದಿ ಹೇಳಿದರು. ಹಲವು ಬಾರಿ ಕೇಳಿದೆ, ಒಂದು ಮಾತೂ ಅರ್ಥವಾಗಲಿಲ್ಲ, ಆದರೆ ನೀವು ಎಲ್ಲಿ ಉಸಿರು ತೆಗೆದುಕೊಳ್ಳುತ್ತೀರಿ ಎನ್ನುವುದು ಅರ್ಥವಾಯಿತು ಎಂದು ಅದರಲ್ಲಿತ್ತು.

ನಾನು ಎದ್ದು ಹಿತ್ತಲಿಗೆ ಹೋಗಿ ನಿಂತೆ. ನನ್ನ ಅತ್ತೆಯ ಉಸಿರದು. ಅದನ್ನು ಎಲ್ಲೋ ಒಬ್ಬ ಮನುಷ್ಯ ತನ್ನ ಕೆಲಸ ಬಿಟ್ಟು ಕೂತು ಕೇಳಿದ್ದ, ಅಥವಾ ಕೇಳಿದ್ದಳು. ಕಾಸಿನ ಆಸೆಯಿಲ್ಲ, ನಮ್ಮ ಗುರುತಿಲ್ಲ. ದೇವರ ಬಗ್ಗೆ ವರ್ಷ ವರ್ಷವೂ ಓದಿದ ನನಗೆ ಅಷ್ಟು ದೊಡ್ಡ ಬೆರಗು ಯಾವ ಪವಾಡದ ಪದ್ಯದಲ್ಲೂ ಆಗಿರಲಿಲ್ಲ.

ನಮ್ಮವರ ತಲೆಬಿಸಿ ಬೇರೆ ಇತ್ತು. "ಏನೂ ತಗೊಳ್ಳದೆ ಯಾಕ ಮಾಡ್ತಾರ? ಒಂದು ಬಟ್ಟೆನಾದ್ರೂ ಕಳಿಸಬೇಕು. ಪಂಚೆ ಕಳಿಸ್ಲೋ ಸೀರೆ ಕಳಿಸ್ಲೋ, ಅದೂ ಗೊತ್ತಾಗವಲ್ದು." ವಿಳಾಸ ಕೇಳಿ ಬರೆದರು. ಏನೂ ಬೇಡ, ಸರಿಯಾಯಿತೋ ಇಲ್ಲವೋ ತಿಳಿಸಿ ಸಾಕು ಎಂದು ಬಂತು. ಹೊಸದು ಫೋನಿಗೆ ಬರಲು ಸ್ವಲ್ಪ ದಿನ ಹಿಡಿಯುತ್ತದೆ ಎಂದೂ ಇತ್ತು.

ಶ್ರಾವಣ ಅದಕ್ಕೂ ಮೊದಲೇ ಬಂದುಬಿಟ್ಟಿತು. ಮೊದಲ ಸೋಮವಾರ ಹಳೆಯ ಓಟದ ದನಿಯನ್ನೇ ಕಿವಿಗಿಟ್ಟುಕೊಂಡು ಮಣೆ ಏರಿದೆ. ಅದರ ಹಿಂದೆ ಓಡಿ ಓಡಿ ಸಾಲು ನುಂಗಿದೆ, ರಾಗ ಬಿಟ್ಟೆ. ಹೆಂಗಸರು ಬಾಯಿ ತೆರೆಯುವಷ್ಟರಲ್ಲಿ ನಾನು ಮುಂದಿನ ಸಾಲಿನಲ್ಲಿರುತ್ತಿದ್ದೆ. ನನ್ನ ಅತ್ತೆಯ ಜೊತೆಯವರಾದ ಓಣಿಯ ಅಜ್ಜಿಯೊಬ್ಬರು ಕೊನೆಗೆ, "ನಿಂದ್ರು ಯವ್ವಾ. ಶಿವಾ ಅನ್ನಾಕ ಜಾಗ ಕೊಡು," ಎಂದರು. ಯಾರೋ ಕೆಮ್ಮಿದರು. ಎದ್ದು ಹೋಗುವಾಗ ಕೊಕ್ಕನೂರಿನವಳು ಮೆಲ್ಲಗೆ, "ಮುಂದಿನ ವಾರ ಟೀವಿ ಹಚ್ಚೋಣೇನ್ರಿ ಅಕ್ಕಾ?" ಎಂದಳು. ಹೂಂ ಅಂದುಬಿಟ್ಟೆ.

ಮುಂದಿನ ಸೋಮವಾರ ಹೆಂಗಸರು ಬಂದರು. ಅವಳು ಟೀವಿಯ ರಿಮೋಟು ಕೇಳಿದಳು. ಆಗ ನಮ್ಮವರು ಒಳಗಿನಿಂದ ನನ್ನ ಫೋನು ಹಿಡಿದು ಬಂದು, ಹೆಂಗಸರ ನಡುವೆ ದಾರಿ ಮಾಡಿಕೊಂಡು, ಅದನ್ನು ನನ್ನ ಕೈಗಿಟ್ಟರು. "ಹೊಸದು ಬಂದೈತೆ. ಒಂದ್ಸಲ ನೋಡು," ಎಂದರು.

ಕಿವಿಗೆ ಇಟ್ಟುಕೊಂಡೆ. ಅದೇ ತಗಡು ದನಿ, ಅದೇ ಪದ್ಯ. ಗೆರೆ ಇದ್ದ ಜಾಗಕ್ಕೆ ಬಂತು. ನಿಂತಿತು. ಅದರ ಬೆನ್ನಿಗೇ ಹಾಡುತ್ತ ಬಂದ ನಾನೂ ನಿಂತೆ. ಎಲ್ಲರಿಗಿಂತ ಮೊದಲು ಅಜ್ಜಿಯ ದನಿ ಬಂತು, "ಶಿವಶಿವಾ." ಹಿಂದೆಯೇ ಪಡಸಾಲೆಯೆಲ್ಲ ಅಂದಿತು. ಅವರು ಅಂದು ಮುಗಿಸಿದ ಕೂಡಲೇ ಕಿವಿಯಲ್ಲಿ ಮುಂದಿನ ಸಾಲು ಶುರುವಾಯಿತು. ಸಾಲಿಗೆ ಸಾಲು ಹಾಗೆಯೇ ನಡೆಯಿತು. ರಿಮೋಟು ಎಲ್ಲಿಗೆ ಹೋಯಿತೋ ಯಾರೂ ಕೇಳಲಿಲ್ಲ. ನನ್ನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಪುರಾಣದ ಪ್ರಸಂಗಕ್ಕೆ ಅಳುತ್ತಿದ್ದೇನೆಂದು ಹೆಂಗಸರು ತಿಳಿದರು.

ಸಂಜೆ ದಾವಣಗೆರೆಯಿಂದ ಮೇಡಂ ಫೋನು ಬಂತು. "ಅಕ್ಕಾರೆ, ನನ್ನ ಫೋನೂ ಗೆರೆಗೆ ನಿಲ್ತೈತೆ ನೋಡ್ರಿ. ನಿಮಗಷ್ಟೇ ಅಲ್ಲ, ಈ ದನಿ ಯಾರ್ಯಾರ ಹತ್ರ ಐತೋ ಎಲ್ಲರದೂ ಹಿಂಗೇ ನಿಲ್ತೈತೆ ಇನ್ನ."

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಎಲ್ಲೆಲ್ಲಿ ಯಾರು ಕನ್ನಡದ ಹಳೆಯ ಪದ್ಯವನ್ನು ಕಿವಿಯಿಂದ ಓದುತ್ತಾರೋ, ಪಕ್ಕದ ಊರು ಕೊಂಡಜ್ಜಿಯಲ್ಲೋ, ಕಂಡು ಕೇಳದ ಇನ್ಯಾವ ಊರಲ್ಲೋ, ಅವರ ಫೋನು ಆ ಗೆರೆಗೆ ಬಂದು ಒಂದು ಗಳಿಗೆ ಸುಮ್ಮನಾಗುತ್ತದೆ. ಯಾಕೆ ಅಷ್ಟೇ ಹೊತ್ತು ಎಂದು ಅವರಿಗೆ ಗೊತ್ತಾಗುವುದಿಲ್ಲ. ಅದು ಹರಿಹರದ ಒಬ್ಬ ಜವಳಿ ವ್ಯಾಪಾರಿ 'ಶಿವಶಿವಾ' ಅನ್ನಲು ತೆಗೆದುಕೊಂಡ ಹೊತ್ತು.

ನಮ್ಮವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಇಯರ್‌ಫೋನು ಕಿತ್ತು, ದನಿಯನ್ನು ಹೊರಗೆ ಬಿಟ್ಟೆ. ಪುಕ್ಕಟೆ ಮಾಲಿನ ಬಗ್ಗೆ ಏನಾದರೂ ಅನ್ನುತ್ತಾರೆ ಎಂದು ಕಾದೆ. ದನಿ ಗೆರೆಗೆ ಬಂದು ನಿಂತಾಗ ಅವರು ಮೆಲ್ಲಗೆ "ಶಿವಶಿವಾ" ಎಂದರು. ಅಳತೆ ಸರಿಯಾಗಿತ್ತು.